ಎರಡೂ 250 ವ್ಯಾಟ್, ಬೆಲೆ ಮಾತ್ರ ಮೂರು ಪಟ್ಟು

ಎಲೆಕ್ಟ್ರಿಕ್ ಸೈಕಲ್ ಕೊಳ್ಳಲು ಹೊರಟವರಿಗೆ ತಲೆ ಕೆಡುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಎರಡು ಸೈಕಲ್‌ಗಳ ವಿವರಪಟ್ಟಿ ಅಕ್ಕಪಕ್ಕ ಇಟ್ಟುಕೊಂಡು ಕೂತರೆ ಎರಡರಲ್ಲೂ ಮೋಟರ್ 250 ವ್ಯಾಟ್, ಎರಡರಲ್ಲೂ ಬ್ಯಾಟರಿ 36 ವೋಲ್ಟ್, ಗಂಟೆಗೆ 25 ಕಿಲೋಮೀಟರ್ ದಾಟಿದರೆ ಎರಡರ ಮೋಟರೂ ಕೈಬಿಡುತ್ತದೆ. ಬೆಲೆ ಮಾತ್ರ ಒಂದರದ್ದು ಇನ್ನೊಂದರ ಮೂರು ಪಟ್ಟು. ಅಂಗಡಿಯವರನ್ನು ಕೇಳಿದರೆ "ಇದು ಪ್ರೀಮಿಯಂ ಸರ್, ಮಿಡ್-ಡ್ರೈವ್" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಮೋಟರ್ ಚಕ್ರದ ನಡುವೆ ಇದ್ದರೆ (ಹಬ್ ಮೋಟರ್) ಅಗ್ಗ, ಪೆಡಲ್ ಹತ್ತಿರ ಇದ್ದರೆ (ಮಿಡ್-ಡ್ರೈವ್) ದುಬಾರಿ ಎಂಬಷ್ಟನ್ನು ಒಪ್ಪಿಕೊಂಡು ಬಂದುಬಿಡಬಹುದು. ನನಗೆ ಅದು ಆಗಲಿಲ್ಲ. ಮೋಟರನ್ನು ಒಂದೂವರೆ ಅಡಿ ಮುಂದಕ್ಕೆ ತಂದ ಮಾತ್ರಕ್ಕೆ ಇಷ್ಟು ದುಡ್ಡು ಯಾಕೆ ಎಂಬುದು ಸುಮಾರು ದಿನ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಮೊದಲು ಆ 250 ವ್ಯಾಟ್ ಲೆಕ್ಕವನ್ನು ಮುಗಿಸಿಬಿಡೋಣ. ಅದು ಮೋಟರಿನ ಶಕ್ತಿಯನ್ನು ಹೇಳುವುದಕ್ಕಿಂತ ಹೆಚ್ಚಾಗಿ ಕಾನೂನಿನ ಗೆರೆಯನ್ನು ಹೇಳುತ್ತದೆ. ಯುರೋಪಿನ ನಿಯಮದಲ್ಲಿ ಸೈಕಲ್ ಅನ್ನಿಸಿಕೊಳ್ಳಬೇಕಾದರೆ ನಿರಂತರ ಸಾಮರ್ಥ್ಯ 250 ವ್ಯಾಟ್ ದಾಟಬಾರದು. ದಾಟಿದರೆ ಅದು ಮೊಪೆಡ್ ಸಾಲಿಗೆ ಹೋಗುತ್ತದೆ, ನೋಂದಣಿ, ವಿಮೆ ಎಲ್ಲ ಬೆನ್ನಿಗೆ ಬೀಳುತ್ತವೆ. ನಿರಂತರ ಅಂದರೆ ಮೋಟರ್ ಬಿಸಿಯಾಗಿ ಸುಸ್ತಾಗದೆ ಎಷ್ಟು ಹೊತ್ತಾದರೂ ಕೊಡಬಲ್ಲದ್ದು. ಒಂದೆರಡು ನಿಮಿಷದ ಮಟ್ಟಿಗೆ ಎಷ್ಟು ಕೊಡುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ. ಬಾಷ್ ಕಂಪನಿಯ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್ ಮೋಟರ್ ಬಹಳ ವರ್ಷ 600 ವ್ಯಾಟ್‌ವರೆಗೂ ಹೋಗುತ್ತಿತ್ತು. ಡ್ರೋನ್ ಮಾಡುವ ಡಿಜೆಐ ಕಂಪನಿ 2024ರಲ್ಲಿ ತಂದ ಅವಿನಾಕ್ಸ್ ಮೋಟರ್ ಬೂಸ್ಟ್‌ನಲ್ಲಿ 1000 ವ್ಯಾಟ್ ಮುಟ್ಟುತ್ತದೆ. ಯುರೋಪಿನಲ್ಲಿ ಇವೆರಡರ ಮೈಮೇಲೂ ಇರುವುದು ಅದೇ 250. ಆದ್ದರಿಂದ ಆ ಸಂಖ್ಯೆಯನ್ನು ರಸ್ತೆಗಿಳಿಯಲು ಬೇಕಾದ ಚೀಟಿ ಅಂದುಕೊಂಡು ಮುಂದೆ ಹೋಗಬಹುದು.

ನ್ಯೂಟನ್-ಮೀಟರ್ ಎಲ್ಲಿ ಅಳೆದದ್ದು?

ವ್ಯಾಟ್ ಬಿಟ್ಟರೆ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಟಾರ್ಕ್, ಅಂದರೆ ತಿರುಗಿಸುವ ಬಲ. ಅದರ ಅಳತೆ ನ್ಯೂಟನ್-ಮೀಟರ್. ಹಬ್ ಮೋಟರ್‌ಗೆ 40 ನ್ಯೂಟನ್-ಮೀಟರ್, ಮಿಡ್-ಡ್ರೈವ್‌ಗೆ 85. ಹಾಗಾದರೆ ಎರಡನೆಯದು ಎರಡು ಪಟ್ಟು ಬಲಶಾಲಿ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಈ ಎರಡು ಸಂಖ್ಯೆಗಳನ್ನು ಅಳೆದ ಜಾಗವೇ ಬೇರೆ. ಹಬ್ ಮೋಟರಿನ 40 ಹುಟ್ಟುವುದು ಚಕ್ರದ ಅಚ್ಚಿನಲ್ಲಿ. ಅದು ನೇರವಾಗಿ ಟೈರಿಗೆ ಸೇರುತ್ತದೆ, ನಡುವೆ ಸೈಕಲ್ಲಿನ ಗೇರ್ ಬರುವುದಿಲ್ಲ. ಮಿಡ್-ಡ್ರೈವಿನ 85 ಪೆಡಲ್ ತಿರುಗುವ ಅಚ್ಚಿನಲ್ಲಿ ಅಳೆದದ್ದು. ಅದು ಚೈನ್ ಹಿಡಿದು ಹಿಂದಕ್ಕೆ ಹೋಗಿ ಟೈರ್ ಮುಟ್ಟುವಷ್ಟರಲ್ಲಿ ನೀವು ಯಾವ ಗೇರಿನಲ್ಲಿದ್ದೀರಿ ಎಂಬುದರ ಮೇಲೆ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ.

ಲೆಕ್ಕ ಹಾಕಿ ನೋಡಿ. ಮುಂದಿನ ಚೈನ್‌ವ್ಹೀಲ್‌ಗೆ 34 ಹಲ್ಲು, ಹಿಂದಿನ ಅತಿ ದೊಡ್ಡ ಗೇರಿಗೆ 51 ಹಲ್ಲು ಅಂತಿಟ್ಟುಕೊಳ್ಳಿ. ಆ ಗೇರಿನಲ್ಲಿ 85 ನ್ಯೂಟನ್-ಮೀಟರ್ ಹಿಂದಿನ ಚಕ್ರದಲ್ಲಿ 127 ಆಗುತ್ತದೆ. ಅದೇ ಸೈಕಲ್ಲನ್ನು 11 ಹಲ್ಲಿನ ಅತಿ ಚಿಕ್ಕ ಗೇರಿಗೆ ಹಾಕಿದರೆ ಚಕ್ರಕ್ಕೆ ಸಿಗುವುದು 27 ಮಾತ್ರ, ಅಂದರೆ ಅಗ್ಗದ ಹಬ್ ಮೋಟರಿಗಿಂತ ಕಡಿಮೆ. ಸಮತಟ್ಟಾದ ರಸ್ತೆಯಲ್ಲಿ ಬೇಕಾಗುವುದೂ ಅಷ್ಟೇ, ಅದರಿಂದ ನಷ್ಟವೇನಿಲ್ಲ. ಆದರೆ 40 ಮತ್ತು 85ನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುವುದರಲ್ಲಿ ಅರ್ಥವಿಲ್ಲ. ಈಚೆಗೆ ಕೆಲವು ಹಬ್ ಮೋಟರ್ ಕಂಪನಿಗಳೂ 'ಮಿಡ್-ಡ್ರೈವಿಗೆ ಸಮ' ಎಂಬ ಅಡಿಟಿಪ್ಪಣಿಯೊಂದಿಗೆ ದೊಡ್ಡ ಸಂಖ್ಯೆ ಹಾಕಲು ಶುರು ಮಾಡಿವೆ. ಈ ಹೋಲಿಕೆಯ ಗೊಂದಲ ಯಾಕೆ ಹುಟ್ಟಿತೆಂದು ಗೊತ್ತಿದ್ದೇ ಹಾಕುತ್ತಿರುವುದು.

ಭಾವನ ಏರು

ಕಾಗದದ ಮೇಲೆ ಇದೆಲ್ಲ ಅರ್ಥವಾದರೂ ಮೈಗೆ ಅರ್ಥವಾಗಿದ್ದು ಒಂದು ಭಾನುವಾರ ಬೆಳಿಗ್ಗೆ. ಭಾವನ ಹತ್ತಿರ ಮಿಡ್-ಡ್ರೈವ್ ಸೈಕಲ್ ಇದೆ. ನಾನು ಗೆಳೆಯನಿಂದ ಹಬ್ ಮೋಟರಿನ ಸೈಕಲ್ ಎರವಲು ತಂದಿದ್ದೆ. ಅವರ ಮನೆಗೆ ಹೋಗುವ ದಾರಿಯಲ್ಲಿ ಒಂದು ಏರಿದೆ, ಕೆಳಗಿನಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ, ನಡುವಿನ ತಿರುವಿನಲ್ಲಿ ಎದ್ದು ನಿಲ್ಲುತ್ತದೆ. ಮೊದಲು ಇಬ್ಬರೂ ಅವರವರ ಸೈಕಲ್ಲಿನಲ್ಲಿ ಹತ್ತಿದೆವು. ಬುಡದಲ್ಲಿ ನಾನೇ ಮುಂದೆ. ಹಬ್ ಮೋಟರ್ ಪೆಡಲ್ ತಿರುಗಿದ ಕೂಡಲೇ ಹಿಂದಿನಿಂದ ಯಾರೋ ದೂಡಿದ ಹಾಗೆ ನೂಕುತ್ತಿತ್ತು. ತಿರುವು ಬಂತು, ವೇಗ ಇಳಿಯಿತು, ಇಳಿದಷ್ಟೂ ನೂಕುವ ಬಲವೂ ಕುಂದಿತು. ಗೇರ್ ಇಳಿಸಿದೆ, ನನ್ನ ಕಾಲಿಗೆ ಹಗುರವಾಯಿತು, ಮೋಟರಿಗೆ ಏನೂ ಆಗಲಿಲ್ಲ, ಅದರ ಪಾಲಿಗೆ ಬದಲಿಸುವ ಗೇರೇ ಇಲ್ಲವಲ್ಲ. ಗುಂಯ್ ಅನ್ನುತ್ತಿದ್ದ ಸದ್ದು ಗೊರಗೊರ ಆಯಿತು. ಭಾವ ಪಕ್ಕದಲ್ಲೇ ಹಾದು ಮೇಲೆ ಹೋದರು, ಪೆಡಲ್ ಚಕಚಕ ತಿರುಗಿಸುತ್ತಾ, ಬೆವರೂ ಇಲ್ಲದೆ.

ಮೇಲೆ ತಲುಪಿದ ಮೇಲೆ ಹಿಂದಿನ ಚಕ್ರದ ನಡುವಿನ ಡಬ್ಬಿಯ ಮೇಲೆ ಕೈಯಿಟ್ಟೆ. ಇಟ್ಟ ಕೈ ತಕ್ಷಣ ತೆಗೆಯಬೇಕಾಯಿತು. ಭಾವನ ಸೈಕಲ್ಲಿನ ಮೋಟರ್ ಬೆಚ್ಚಗಿತ್ತು, ಅಷ್ಟೇ. "ಈಗ ನೀನು ಇದರಲ್ಲಿ ಹತ್ತಿ ಬಾ, ಆಮೇಲೆ ಮಾತಾಡೋಣ" ಅಂದರು. ಇಳಿದು ಮತ್ತೆ ಹತ್ತಿದೆ. ಆ ತಿರುವಿನಲ್ಲಿ ಗೇರ್ ಇಳಿಸಿದಾಗ ಕಾಲು ಮತ್ತು ಮೋಟರ್ ಎರಡೂ ಒಟ್ಟಿಗೆ ಹಗುರಾದವು. ಅದುವರೆಗೆ ಓದಿದ್ದೆಲ್ಲ ಆ ಒಂದು ಕ್ಷಣದಲ್ಲಿ ಮೊಣಕಾಲಿಗೆ ತಿಳಿಯಿತು.

ಬಿಸಿಯ ಕಾರಣ ಸರಳ. ಮೋಟರ್ ಕೊಡುವ ಟಾರ್ಕ್ ತಾಮ್ರದ ಸುರುಳಿಯಲ್ಲಿ ಹರಿಯುವ ಕರೆಂಟಿಗೆ ತಕ್ಕಂತೆ ಏರುತ್ತದೆ. ಆದರೆ ಸುರುಳಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಟಾರ್ಕ್ ಎರಡು ಪಟ್ಟು ಬೇಕೆಂದರೆ ಶಾಖ ನಾಲ್ಕು ಪಟ್ಟು. ಸೈಕಲ್ ಮತ್ತು ಸವಾರ ಸೇರಿ 100 ಕಿಲೋ, ಏರು ಶೇಕಡಾ 10 ಅಂದರೆ ಇಳಿಜಾರಿನ ಎಳೆತವೇ ಸುಮಾರು 98 ನ್ಯೂಟನ್, ಟೈರಿನ ಘರ್ಷಣೆ ಬೇರೆ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹತ್ತಲು 290 ವ್ಯಾಟ್ ಹತ್ತಿರ ಬೇಕು. ಮಾಮೂಲಿ ಮನುಷ್ಯ ಉಸಿರು ಕಟ್ಟದೆ ಕೊಡುವುದು 100ರಿಂದ 120. ಉಳಿದದ್ದು ಮೋಟರಿನ ಪಾಲು. ಸಂಖ್ಯೆ ದೊಡ್ಡದೇನಲ್ಲ, ಆದರೆ ಆ ವೇಗದಲ್ಲಿ ಚಕ್ರ ತಿರುಗುವುದು ನಿಮಿಷಕ್ಕೆ 76 ಸುತ್ತು. ಗಂಟೆಗೆ 25ರಲ್ಲಿ ಓಡುವಾಗ ಅದೇ ಚಕ್ರ 190 ಸುತ್ತು ತಿರುಗುತ್ತದೆ, ಹಬ್ ಮೋಟರನ್ನು ಹೆಣೆದಿರುವುದು ಆ ವೇಗಕ್ಕೆ. ಅದೇ ವ್ಯಾಟನ್ನು ಅರ್ಧಕ್ಕಿಂತ ಕಡಿಮೆ ಸುತ್ತಿನಲ್ಲಿ ಕೇಳಿದಾಗ ಟಾರ್ಕ್ ಎರಡೂವರೆ ಪಟ್ಟು ಬೇಕಾಗುತ್ತದೆ, ಶಾಖ ಆರು ಪಟ್ಟು. ಮಿಡ್-ಡ್ರೈವ್ ಮೋಟರಿಗೆ ಈ ಪಾಡಿಲ್ಲ. ಸವಾರ ತನ್ನ ಕಾಲಿನ ಸುಖಕ್ಕಾಗಿ ಗೇರ್ ಬದಲಿಸುತ್ತಾನೆ, ಮೋಟರ್ ಅದೇ ಗೇರಿನ ಲಾಭ ಪಡೆದು ತನಗೆ ಹಿತವಾದ ವೇಗದಲ್ಲೇ ಉಳಿಯುತ್ತದೆ. ಗೇರ್ ಬದಲಿಸಲು ಬೇಸರಪಡುವವರ ಕೈಗೆ ಸಿಕ್ಕರೆ ಈ ಲಾಭವೆಲ್ಲ ಮಣ್ಣುಪಾಲು, ಅದು ಬೇರೆ ಮಾತು.

ಕಾಲಿನ ಮಾತು ಕೇಳುವ ಯಂತ್ರ

ಹಾಗಾದರೆ ಮೂರು ಪಟ್ಟು ದುಡ್ಡು ಏರು ಹತ್ತುವುದಕ್ಕಾ? ಪೂರ್ತಿ ಹಾಗಲ್ಲ. ಒಂದಷ್ಟು ಪಾಲು ಹೋಗುವುದು ಕಣ್ಣಿಗೆ ಕಾಣದ ಜಾಗಕ್ಕೆ. ಅಗ್ಗದ ಸೈಕಲ್‌ಗಳಲ್ಲಿ ಪೆಡಲ್ ಹತ್ತಿರ ಮ್ಯಾಗ್ನೆಟ್ ಕೂರಿಸಿದ ಒಂದು ಬಿಲ್ಲೆ ಇರುತ್ತದೆ. ಪೆಡಲ್ ತಿರುಗುತ್ತಿದೆಯಾ ಇಲ್ಲವಾ ಎಂಬುದಷ್ಟೇ ಅದಕ್ಕೆ ಗೊತ್ತು. ತಿರುಗಿದರೆ ಕರೆಂಟು, ನಿಂತರೆ ಬಂದ್. ನಡುವೆ ಅರ್ಧ ಸೆಕೆಂಡಿನಷ್ಟು ತಡ. ಟ್ರಾಫಿಕ್‌ನಲ್ಲಿ ಮೆಲ್ಲಗೆ ತಿರುವು ತೆಗೆದುಕೊಳ್ಳುವಾಗ ಆ ತಡದ ಕೊನೆಗೆ ಸೈಕಲ್ ತಟ್ಟನೆ ಮುಂದಕ್ಕೆ ನುಗ್ಗಿದರೆ ಎದೆ ಝಲ್ಲೆನ್ನುತ್ತದೆ. ದುಬಾರಿ ಸೈಕಲ್ಲಿನಲ್ಲಿ ಇರುವುದು ಟಾರ್ಕ್ ಸೆನ್ಸರ್. ಪೆಡಲ್ ಅಚ್ಚು ನಿಮ್ಮ ಕಾಲಿನ ಒತ್ತಡಕ್ಕೆ ಕೂದಲೆಳೆಯಷ್ಟು ತಿರುಚಿಕೊಳ್ಳುವುದನ್ನು ಅದು ಅಳೆಯುತ್ತದೆ. ಬಾಷ್ ತನ್ನ ಸೆನ್ಸರ್‌ಗಳು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಅಳೆಯುತ್ತವೆ ಅನ್ನುತ್ತದೆ. ಮೆಲ್ಲಗೆ ತುಳಿದರೆ ಮೆಲ್ಲಗೆ, ಜೋರಾಗಿ ತುಳಿದರೆ ಜೋರಾಗಿ. ಮೋಟರ್ ಇದೆ ಎಂಬುದೇ ಮರೆತು, ಇವತ್ತು ಕಾಲು ಚೆನ್ನಾಗಿದೆ ಅನ್ನಿಸುತ್ತದೆ. ಜನ ಪ್ರೀಮಿಯಂ ಅಂತ ಮೆಚ್ಚುವುದರಲ್ಲಿ ಮುಕ್ಕಾಲು ಪಾಲು ಈ ಅನುಭವವೇ.

ಇದೇನೂ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಯಮಹಾ 1993ರಲ್ಲೇ ಜಪಾನಿನಲ್ಲಿ ಪಾಸ್ ಎಂಬ ಹೆಸರಿನ ಸೈಕಲ್ ಮಾರಾಟಕ್ಕೆ ಬಿಟ್ಟಿತ್ತು. ಕಾಲಿನ ಬಲ ಅಳೆದು ಅದಕ್ಕೆ ತಕ್ಕಂತೆ ಮೋಟರ್ ಕೈಜೋಡಿಸುವ ಆಲೋಚನೆ ಅಲ್ಲಿಂದಲೇ ಬಂದದ್ದು. ಮುಖ್ಯವಾದ ಸಂಗತಿ ಏನೆಂದರೆ ಟಾರ್ಕ್ ಸೆನ್ಸರ್‌ಗೂ ಮೋಟರ್ ಇರುವ ಜಾಗಕ್ಕೂ ಕಟ್ಟುಪಾಡಿಲ್ಲ. ಹಬ್ ಮೋಟರಿನ ಸೈಕಲ್ಲಿಗೂ ಪೆಡಲ್ ಅಚ್ಚಿನಲ್ಲಿ ಟಾರ್ಕ್ ಸೆನ್ಸರ್ ಕೂರಿಸಬಹುದು, ಕೂರಿಸಿ ಮಾರುತ್ತಲೂ ಇದ್ದಾರೆ. ಹೀಗೆ ಕೂರಿಸಿದ ಒಳ್ಳೆಯ ಹಬ್ ಸೈಕಲ್ ಓಡಿಸಿ ನೋಡಿದ ಮೇಲೆ, ಸಮತಟ್ಟು ರಸ್ತೆಯವರು ಮಿಡ್-ಡ್ರೈವಿಗೆ ದುಡ್ಡು ಸುರಿಯುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಮಿಡ್-ಡ್ರೈವಿಗೆ ತನ್ನದೇ ಆದ ದಿನನಿತ್ಯದ ಖರ್ಚೂ ಇದೆ. ನಿಮ್ಮ 100 ವ್ಯಾಟ್ ತಾಳಿಕೊಳ್ಳಬೇಕಾದ ಚೈನ್ ಈಗ ಅದರ ನಾಲ್ಕೈದು ಪಟ್ಟು ಎಳೆತ ತಾಳಬೇಕು. ಏರಿನಲ್ಲಿ ಒತ್ತಿ ತುಳಿಯುತ್ತಲೇ ಗೇರ್ ಬದಲಿಸಿದರೆ ಹಲ್ಲಿನಿಂದ ಹಲ್ಲಿಗೆ ಚೈನ್ ಹಾರುವಾಗ ಟಣ್ ಅನ್ನುವ ಸದ್ದು ಕೇಳಿದವರಿಗೆ ಗೊತ್ತು, ಅದರ ಬಿಲ್ಲು ಯಾರ ಜೇಬಿಗೆ ಬೀಳುತ್ತದೆ ಎಂದು. ಹಬ್ ಮೋಟರ್ ಚೈನಿನ ಗೊಡವೆಗೇ ಹೋಗುವುದಿಲ್ಲ. ಚೈನ್ ತುಂಡಾದರೂ, ಹ್ಯಾಂಡಲ್ಲಿನಲ್ಲಿ ಥ್ರಾಟಲ್ ಇದ್ದರೆ, ಮನೆ ಸೇರಿಸುತ್ತದೆ. ಅದರ ಕಾಟ ಪಂಚರ್ ಆದಾಗ: ವೈರ್ ಕಳಚಬೇಕು, 18ರ ಸ್ಪ್ಯಾನರ್ ಹುಡುಕಬೇಕು, ಅಚ್ಚು ತಿರುಗದಂತೆ ಹಿಡಿದ ವಾಷರ್‌ಗಳನ್ನು ಕ್ರಮ ತಪ್ಪದಂತೆ ತೆಗೆದಿಟ್ಟುಕೊಳ್ಳಬೇಕು, ಅದೂ ಮಳೆಯಲ್ಲಿ.

ಮೇಜಿನ ಮೇಲೆ ಬಿಚ್ಚಿಟ್ಟ ಮೋಟರ್

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದ್ದು ಬೇರೆ ಕಡೆ. ಮೋಟರ್ ರಿಪೇರಿ ಮಾಡುವ ಪರಿಚಯದವರೊಬ್ಬರ ಬಳಿ ಹೋಗಿದ್ದಾಗ ಮೇಜಿನ ಮೇಲೆ ಒಂದು ಮಿಡ್-ಡ್ರೈವ್ ಮೋಟರ್ ಎರಡು ಹೋಳಾಗಿ ಬಿದ್ದಿತ್ತು. ಒಳಗಿನ ಸಾಮಾನು ನೋಡಿ ಆಶ್ಚರ್ಯವಾಯಿತು. ಇಷ್ಟೇನಾ ಎಂದೂ, ಇಷ್ಟೊಂದಾ ಎಂದೂ. ತಾಮ್ರದ ಸುರುಳಿಯ ಬಳೆ, ಅದರೊಳಗೆ ಮ್ಯಾಗ್ನೆಟ್ ಹೊತ್ತ ರೋಟರ್, ಓರೆ ಹಲ್ಲಿನ ಉಕ್ಕಿನ ಗೇರುಗಳ ನಡುವೆ ಸದ್ದು ಕಡಿಮೆ ಮಾಡಲು ಒಂದು ಪ್ಲಾಸ್ಟಿಕ್ ಗೇರ್, ಕಾಲು ಮೋಟರಿಗಿಂತ ವೇಗವಾಗಿ ತಿರುಗಿದಾಗ ಕೈಬಿಡುವ ಒಂದೇ ದಿಕ್ಕಿನ ಕ್ಲಚ್, ಪೆಡಲ್ ಅಚ್ಚಿಗೆ ತೊಡಿಸಿದ ಸೆನ್ಸರಿನ ತೋಳು, ಪಕ್ಕದಲ್ಲಿ ಅಂಗೈಯಗಲದ ಸರ್ಕ್ಯೂಟ್ ಬೋರ್ಡ್. ಇದೆಲ್ಲ ಮೂರು ಕಿಲೋದೊಳಗೆ, ಎರಡು ಮುಷ್ಟಿಯಷ್ಟು ಜಾಗದಲ್ಲಿ. ಹೋಲಿಸಿದರೆ, ಬದಲಿಸಲಾಗದ ಗೇರನ್ನು ಒಳಗೇ ಇಟ್ಟುಕೊಂಡ ಹಬ್ ಮೋಟರಿನ (ಗೇರ್ಡ್ ಹಬ್) ಹೊಟ್ಟೆಯಲ್ಲಿ ಸುರುಳಿ, ರೋಟರ್, ಮೂರು ನೈಲಾನ್ ಗೇರು, ಒಂದು ಕ್ಲಚ್. ಗೇರ್ ಸವೆದರೆ ಡಬ್ಬಿ ಬಿಚ್ಚಿ ಹೊಸದು ಹಾಕಬಹುದು.

ಅವರು ಬೆರಳಿನಿಂದ ಒಂದು ಬೇರಿಂಗ್ ತಿರುಗಿಸಿ ತೋರಿಸಿದರು. ಕರಕರ ಅಂತು. ಸುತ್ತ ತುಕ್ಕಿನ ಕೆಂಪು.

"ಸರ್, ಇದು ಸತ್ತಿಲ್ಲ. ನೀರು ಕುಡಿದಿದೆ, ಅಷ್ಟೇ. ಬೇರಿಂಗ್ ನಂಬರ್ ನೋಡಿ, ಎಲ್ಲಾದರೂ ಸಿಗೋ ಸೈಜು. ಸೀಲು ಮತ್ತು ಈ ಬೇರಿಂಗ್ ಹಾಕಿದರೆ ಓಡತ್ತೆ."

"ಮತ್ತೆ ಕಂಪನಿಯವರು?"

"ಅವರು ಬಿಚ್ಚೋದೇ ಇಲ್ಲ. ಪೂರ್ತಿ ಮೋಟರ್ ಬದಲಿಸಬೇಕು ಅಂತಾರೆ. ವಾರಂಟಿ ಇದ್ದರೆ ಸರಿ. ಮುಗಿದಿದ್ದರೆ ಸೈಕಲ್ಲಿನ ಬೆಲೆಯಲ್ಲಿ ಒಂದು ದೊಡ್ಡ ತುಂಡು ಹೋಯ್ತು. ಇವರದ್ದು ಮುಗಿದು ಎರಡು ತಿಂಗಳು."

ಯಾವ ಕಂಪನಿ ಎಂಬುದು ಇಲ್ಲಿ ಮುಖ್ಯವಲ್ಲ, ಈ ಪದ್ಧತಿ ಬಹುತೇಕ ಕಡೆ ಇದೆ. ಇದಕ್ಕೆ ಬೀಗ ಹಾಕುವುದು ಫ್ರೇಮ್. ಮಿಡ್-ಡ್ರೈವ್ ಸೈಕಲ್ಲಿನಲ್ಲಿ ಮೋಟರ್ ಕೂರುವ ಜಾಗವನ್ನು ಒಂದು ನಿರ್ದಿಷ್ಟ ಮೋಟರಿನ ಬೋಲ್ಟುಗಳಿಗೆ ತಕ್ಕಂತೆ ಎರಕ ಹೊಯ್ದಿರುತ್ತಾರೆ. ಒಂದು ಕಂಪನಿಯ ಮೋಟರ್ ತೆಗೆದು ಇನ್ನೊಂದರದ್ದು ಹಾಕಲಾಗುವುದಿಲ್ಲ. ಕೆಲವೊಮ್ಮೆ ಅದೇ ಕಂಪನಿಯ ಹೊಸ ಪೀಳಿಗೆಯ ಮೋಟರೂ ಹಳೆಯ ಫ್ರೇಮಿಗೆ ಕೂರುವುದಿಲ್ಲ. ಬ್ಯಾಟರಿಯದ್ದೂ ಅದೇ ಕತೆ. ಒಳಗಿರುವ ಲಿಥಿಯಂ ಸೆಲ್ ಜಗತ್ತಿಗೆಲ್ಲ ಒಂದೇ, ಆದರೆ ಮೋಟರಿನೊಂದಿಗೆ ಗುರುತಿನ ಸಂಕೇತ ಕೂಡದಿದ್ದರೆ ಬ್ಯಾಟರಿ ತುಂಬಿದ್ದರೂ ಸೈಕಲ್ ಮಿಸುಕುವುದಿಲ್ಲ. ಹಬ್ ಸೈಕಲ್ಲಿನ ಮೋಟರ್ ಸತ್ತರೆ ಹಿಂದಿನ ಚಕ್ರ ಕಳಚಿ ಮಾಮೂಲಿ ಚಕ್ರ ಹಾಕಿಕೊಂಡು ತುಳಿದು ಹೋಗಬಹುದು. ಮಿಡ್-ಡ್ರೈವಿನ ಮೋಟರ್ ತೆಗೆದರೆ ಪೆಡಲ್ ಕೂರಲು ಜಾಗವೇ ಇರುವುದಿಲ್ಲ.

ಹಾಗಂತ ಹಬ್ ಮೋಟರ್ ಅಂದ ಮಾತ್ರಕ್ಕೆ ನಿಶ್ಚಿಂತೆ ಅನ್ನುವಂತಿಲ್ಲ. ನೆದರ್ಲೆಂಡ್ಸ್‌ನ ವ್ಯಾನ್‌ಮೂಫ್ ಸೈಕಲ್‌ಗಳಲ್ಲಿ ಇದ್ದದ್ದು ಹಬ್ ಮೋಟರೇ, ಮುಂದಿನ ಚಕ್ರದಲ್ಲಿ. ನೋಡಲು ಚೆಂದ, ಒಂದು ವೈರೂ ಹೊರಗೆ ಕಾಣುತ್ತಿರಲಿಲ್ಲ, ಬೀಗ ತೆಗೆಯುವುದೂ ಫೋನಿನಿಂದಲೇ. 2023ರ ಜುಲೈನಲ್ಲಿ ಕಂಪನಿ ದಿವಾಳಿಯಾದಾಗ ಸೈಕಲ್ ಕೊಂಡವರಿಗೆ ಹುಟ್ಟಿದ ಮೊದಲ ಭಯ ಮೋಟರಿನದಲ್ಲ, ಸರ್ವರ್ ನಿಂತರೆ ಬೀಗ ತೆಗೆಯುವುದು ಹೇಗೆ ಎಂಬುದು. ಪ್ರತಿಸ್ಪರ್ಧಿ ಕಂಪನಿಯಾದ ಕೌಬಾಯ್ ಆ ಡಿಜಿಟಲ್ ಕೀಲಿಯನ್ನು ಇಳಿಸಿಟ್ಟುಕೊಳ್ಳಲು ಒಂದು ಆ್ಯಪ್ ಮಾಡಿಕೊಟ್ಟಿತು. ಆಮೇಲೆ ಬೇರೆಯವರು ವ್ಯಾನ್‌ಮೂಫನ್ನು ಕೊಂಡು ಮತ್ತೆ ನಡೆಸಿದರು. ಆದರೂ ಆ ಕೆಲವು ವಾರ, ದುಬಾರಿ ಸೈಕಲ್ ಇಟ್ಟುಕೊಂಡವರಿಗೆ ತಾವು ಕೊಂಡಿದ್ದೇನು ಎಂಬ ಅನುಮಾನ ಬಂದಿರಲೇಬೇಕು. ಮೋಟರ್ ಎಲ್ಲಿದೆ ಎಂಬುದಕ್ಕಿಂತ ಅದರ ಕೀಲಿ ಯಾರ ಕೈಯಲ್ಲಿದೆ ಎಂದು ಮೊದಲು ಕೇಳುವುದು ನನಗೆ ಅಭ್ಯಾಸವಾಗಿದ್ದು ಆ ಸುದ್ದಿ ಓದಿದ ಮೇಲೆ.

ಹೆಚ್ಚು ದುಡ್ಡು, ಕಡಿಮೆ ಮೋಟರ್

ಈ ಲೋಕದ ಅತಿ ಮೇಲಿನ ಮೆಟ್ಟಿಲಲ್ಲಿ ಇನ್ನೊಂದು ತಮಾಷೆ ನಡೆಯುತ್ತದೆ. ಅಲ್ಲಿ ಜನ ಹೆಚ್ಚು ದುಡ್ಡು ಕೊಟ್ಟು ಕಡಿಮೆ ಬಲದ ಮೋಟರ್ ಕೊಳ್ಳುತ್ತಾರೆ. ಜರ್ಮನಿಯ ಟಿಕ್ಯೂ ಕಂಪನಿಯ ಎಚ್‌ಪಿಆರ್50 ಮೋಟರ್ ಕೊಡುವುದು 50 ನ್ಯೂಟನ್-ಮೀಟರ್, ಮೇಲೆ ಹೇಳಿದ 85ರ ಮುಂದೆ ಅದೇನೂ ಅಲ್ಲ. ಆದರೆ ತೂಕ 1.85 ಕಿಲೋ, ಸದ್ದು ಇಲ್ಲವೆನ್ನುವಷ್ಟು ಕಡಿಮೆ, ಹೊರಗಿನಿಂದ ನೋಡಿದರೆ ಮಾಮೂಲಿ ಸೈಕಲ್ಲು. ಕಾಲಿನಲ್ಲಿ ಈಗಾಗಲೇ ಬಲ ಇರುವವರು, ಮೋಟರ್ ಇಲ್ಲದೆಯೂ ಹತ್ತಬಲ್ಲವರು, ದಿನದ ಕೊನೆಯ ಏರಿಗೆ ಒಂದು ಕೈ ಆಸರೆ ಬೇಕೆನ್ನುವವರು ಇದನ್ನು ಕೊಳ್ಳುತ್ತಾರೆ. ನಿಜವಾಗಿ ಆಸರೆ ಬೇಕಾದವರಿಗೆ, ಅಂದರೆ ಮಂಡಿನೋವಿನವರಿಗೆ, ಮಗುವನ್ನೋ ಸಾಮಾನನ್ನೋ ಹೊತ್ತು ಓಡಾಡುವವರಿಗೆ, ಈ ಬೆಲೆಗೆ ಇದು ಪ್ರಯೋಜನವಿಲ್ಲ. ಬೆಲೆ ಹೆಚ್ಚಿದಷ್ಟೂ ಸಹಾಯ ಹೆಚ್ಚು ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ.

ದುಡ್ಡಿನ ಲೆಕ್ಕ ಮಾಡುವಾಗ ಎಲ್ಲರೂ ಮೋಟರಿನ ಸುತ್ತಲೇ ಸುತ್ತುತ್ತಾರೆ, ನಾನೂ ಇಷ್ಟುದ್ದ ಅದನ್ನೇ ಬರೆದೆ. ನಿಜಕ್ಕೂ ಕೆಲವು ವರ್ಷಕ್ಕೊಮ್ಮೆ ಮುದಿಯಾಗಿ ಕೈ ಚಾಚುವುದು ಬ್ಯಾಟರಿ. 500 ವ್ಯಾಟ್-ಅವರ್ ಬ್ಯಾಟರಿ ಅಂದರೆ ಕಿಲೋಮೀಟರಿಗೆ 10 ವ್ಯಾಟ್-ಅವರ್ ಹಿಡಿದರೆ 50 ಕಿಲೋಮೀಟರ್. 100 ಕಿಲೋ ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಲು 27 ವ್ಯಾಟ್-ಅವರ್ ಬೇಕೇ ಬೇಕು, ಯಾವ ಕಂಪನಿಯ ಮೋಟರಾದರೂ. ಅದರಲ್ಲಿ ಒಂದು ಪಾಲು ಕಾಲಿನಿಂದ ಬರುತ್ತದೆ, ಮೋಟರ್ ಶಾಖವಾಗಿ ಚೆಲ್ಲುವುದು ಬೇರೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಕರೆಂಟು ವಾಪಸು ತುಂಬುವ ಆಸೆ ತೋರಿಸುವವರಿದ್ದಾರೆ. ಅದು ಗೇರ್ ಇಲ್ಲದ ದೊಡ್ಡ ಹಬ್ ಮೋಟರಿಗೆ ಸಾಧ್ಯ; ಗೇರ್ ಇರುವ ಹಬ್‌ಗಳಲ್ಲೂ ಮಿಡ್-ಡ್ರೈವ್‌ಗಳಲ್ಲೂ ಸಾಮಾನ್ಯವಾಗಿ ಆ ಒಂದೇ ದಿಕ್ಕಿನ ಕ್ಲಚ್ ಅಡ್ಡ ನಿಲ್ಲುತ್ತದೆ. ಸಾಧ್ಯವಿರುವ ಕಡೆಯೂ ಸಿಗುವುದು ಚಿಲ್ಲರೆ, ಅದಕ್ಕಾಗಿ ಸೈಕಲ್ ಆರಿಸುವ ಅಗತ್ಯವಿಲ್ಲ.

ನಾನು ಓಡಾಡುವ ದಾರಿಯ ಅತಿ ಕಡಿದಾದ ಏರನ್ನು ಫೋನಿನಲ್ಲಿ ಅಳೆದು ನೋಡಿದೆ, ಶೇಕಡಾ 5ರ ಆಸುಪಾಸು, ಅದೂ ಸ್ವಲ್ಪ ದೂರ ಮಾತ್ರ. ಆದ್ದರಿಂದ ಈಗ ಹುಡುಕುತ್ತಿರುವುದು ಟಾರ್ಕ್ ಸೆನ್ಸರ್ ಇರುವ ಗೇರ್ಡ್ ಹಬ್ ಮೋಟರಿನ ಸೈಕಲ್. ಬ್ಯಾಟರಿ ಹೊರಗೆ ತೆಗೆಯುವಂತಿರಬೇಕು, ಆ್ಯಪ್ ಇಲ್ಲದೆಯೂ ಓಡಬೇಕು, ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇರಬೇಕು. ಮೋಟರಿನಲ್ಲಿ ಉಳಿಸಿದ ದುಡ್ಡಿನಲ್ಲಿ ಒಂದು ಪಾಲು ಗಟ್ಟಿ ಕಡ್ಡಿಗಳ ಚಕ್ರಕ್ಕೆ, ಯಾಕೆಂದರೆ ಭಾರದ ಹಬ್ ಇರುವ ಚಕ್ರದಲ್ಲಿ ಮೊದಲು ಮುರಿಯುವುದು ಕಡ್ಡಿಯೇ. ಭಾವ ಇದನ್ನು ಒಪ್ಪಿಲ್ಲ. ಅವರ ದಾರಿಯ ತಿರುವಿನಲ್ಲಿ ಫೋನು ತೋರಿಸಿದ್ದು ಶೇಕಡಾ 12, ಅವರು ಒಪ್ಪಬೇಕಾಗಿಯೂ ಇಲ್ಲ.